ದಿನ ನೋಡಿ ಕತ್ತರಿ ಹಿಡಿಯುವವಳು

ಬ್ಯಾಂಕ್ ಮ್ಯಾನೇಜರರ ಪ್ಯಾಂಟಿನ ಉದ್ದ ಅಳೆಯಲು ಅವಳು ಮಂಡಿಯೂರಿ ಬಗ್ಗಿದ್ದೇ ತಡ, ಏಪ್ರನ್ನಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದ ಬಿಸಿನೀರಿನ ಚೀಲದ ಬಿರಡೆ ಕಳಚಿತು. ನೀರು ಹರಿದು ಅವರ ಬೂಟಿನ ಸುತ್ತ ಪುಟ್ಟ ಕೆರೆ ಕಟ್ಟಿತು. ಮ್ಯಾನೇಜರರು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತರು.

"ಇಸ್ತ್ರಿಗೆ ಚಿಮುಕಿಸೋ ನೀರು ಸಾರ್," ಎಂದಳು, ತಲೆ ಎತ್ತದೆ.

ಇಸ್ತ್ರಿಯ ನೀರನ್ನು ಯಾರೂ ಹೊಟ್ಟೆಗೆ ಕಟ್ಟಿಕೊಳ್ಳುವುದಿಲ್ಲ. ಆದರೆ ಅವರು ಸಭ್ಯರು, ನಂಬಿದಂತೆ ಮುಖ ಮಾಡಿದರು.

ಆ ಟೈಲರ್ ಅಂಗಡಿಯಲ್ಲಿ ಅವಳು ಎರಡನೇ ಕಟಿಂಗ್ ಮಾಸ್ಟರ್. ಮೊದಲನೆಯ ಮಾಸ್ಟರು ಕಣ್ಣು ಮಂಜಾಗಿ, ತಿಂಗಳ ಕೊನೆಗೆ ಕತ್ತರಿ ಕೆಳಗಿಡುವವರಿದ್ದರು. ಅವರ ಮೇಜು ತನಗೆ ಬರುತ್ತದೋ, ಹೊರಗಿನವರಿಗೆ ಹೋಗುತ್ತದೋ? ಮಾಲೀಕರು ಬಾಯಿಗೆ ಗುಂಡಿ ಹಾಕಿಕೊಂಡಿದ್ದರು. ಹೊಟ್ಟೆನೋವು ಬಂದಾಗ ಬಟ್ಟೆ ಗಂಟುಗಳ ಹಿಂದೆ ಮುದುರಿ ಮಲಗುವವಳೆಂದು ತಿಳಿದರೆ ಯಾವ ಮಾಲೀಕ ಮೇಜು ಕೊಟ್ಟಾನು ಎಂಬುದೇ ಅವಳ ಹಗಲಿನ ಯೋಚನೆ, ಇರುಳಿನ ಯೋಚನೆ.

ಕಾಯಿಲೆಗೆ ಹೆಸರು ಸಿಗುವುದಕ್ಕೇ ವರ್ಷಗಟ್ಟಲೆ ಹಿಡಿದಿತ್ತು. ಒಬ್ಬ ಡಾಕ್ಟರು ಮದುವೆಯಾದರೆ ಹೋಗುತ್ತದೆ ಎಂದರು. ಮದುವೆಯಾಯಿತು, ಹೋಗಲಿಲ್ಲ. "ನಮಗೂ ಬರ್ತಿತ್ತು ಕಣೇ, ನಾವೇನು ಡಂಗುರ ಹೊಡೆದ್ವಾ?" ಎಂದರು ಅಮ್ಮ. ಕೊನೆಗೆ ಒಬ್ಬ ಡಾಕ್ಟರಮ್ಮ, ಗರ್ಭಕೋಶದ ಒಳಪದರದಂಥದ್ದು ಹೊರಗೆ ಸಲ್ಲದ ಜಾಗದಲ್ಲೆಲ್ಲ ಬೆಳೆದಿದೆ, ಎಂಡೊಮೆಟ್ರಿಯೋಸಿಸ್ ಎಂದರು. ಲೈನಿಂಗ್ ಬಟ್ಟೆ ಹೊರಗೆ ಬಂದ ಕೋಟು ಎಂದು ಅವಳಿಗೆ ಥಟ್ಟನೆ ಅರ್ಥವಾಯಿತು. ಹೆಸರಿನಲ್ಲೇ 'ಎಂಡ್' ಇದ್ದರೂ ಅದಕ್ಕೆ ಕೊನೆಯಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ನೋವಿಗೆ ಮಾತ್ರೆಯಾದರೂ ಇತ್ತು, ನೋವಿಲ್ಲದ ದಿನದ ದಿಗಿಲಿಗೆ ಇರಲಿಲ್ಲ. ಹೊಟ್ಟೆ ಸುಮ್ಮನಿದ್ದರೆ, ಯಾಕೆ ಸುಮ್ಮನಿದೆ, ಏನು ಮಸಲತ್ತು ನಡೆಸಿದೆ ಎಂದು ಕಿವಿಗೊಡುತ್ತಿದ್ದಳು. ಯಾರ ಮನೆಗೆ ಹೋದರೂ ಮೊದಲು ಬಚ್ಚಲಿನ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದಳು. ನಗುವಾಗಲೂ ಅರ್ಧಕ್ಕೇ ನಿಲ್ಲಿಸುತ್ತಿದ್ದಳು, ಮಲಗಿದ ನಾಯಿಯ ಪಕ್ಕ ಹಾದುಹೋಗುವವರ ಹಾಗೆ. ಗಂಡ ಒಳ್ಳೆಯವನು, ಗಂಟೆಗೊಮ್ಮೆ ಫೋನು ಮಾಡಿ "ಹೇಗಿದೆ?" ಎನ್ನುವನು.

"ನೀವೇನು ಹವಾಮಾನ ಇಲಾಖೆಯವರಾ?" ಎಂದು ಒಮ್ಮೆ ರೇಗಿದಳು.

"ಅವರಿಗಾದ್ರೂ ಮೊದಲೇ ಸೂಚನೆ ಸಿಗತ್ತೆ. ನನಗೆ ಗುಡುಗಿದ ಮೇಲೇ ಗೊತ್ತಾಗೋದು," ಎಂದ ಅವನು. ಅವಳು ನಕ್ಕಳು. ಅರ್ಧ.

ಅಂಗಡಿಯಲ್ಲಿ ಅವಳದೊಂದು ಉಪಾಯವಿತ್ತು. ಹೊಲಿದದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಹಾಗಾಗಿ ನೋವಿನ ದಿನ ಕಾಜಾ, ಗುಂಡಿ, ಹೆಮ್ಮಿಂಗ್. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವುದೆಲ್ಲ ನೋವಿಲ್ಲದ ದಿನ. ಅಳತೆ ತೆಗೆಯುವವಳು ಅಳಬಾರದು ಎಂಬುದು ಅವಳೇ ಮಾಡಿಕೊಂಡ ಕಾನೂನು. ಇದನ್ನು ಗಮನಿಸಿದ ಮೆಷಿನ್ ತುಳಿಯುವ ಹೆಂಗಸು, "ನಮ್ಮಕ್ಕ ಸುಮ್ನೆ ಕತ್ತರಿ ಮುಟ್ಟಲ್ಲ, ದಿನ ನೋಡ್ತಾರೆ. ಅದಕ್ಕೇ ಅವರು ಕಟ್ ಮಾಡಿದ್ದು ಮೈಗೆ ಹಂಗೆ ಕೂರೋದು," ಎಂದು ಗಿರಾಕಿಗಳ ಕಿವಿಗೆ ಹಾಕಿದಳು. ಸುದ್ದಿಗೆ ಕಾಲು ಬಂತು. "ಆತುರ ಇಲ್ಲಮ್ಮ, ಒಳ್ಳೇ ದಿನಾನೇ ನೋಡಿ ಹಾಕಿ," ಎನ್ನತೊಡಗಿದರು ಜನ. ಅಸಿಡಿಟಿ ಎಂದು ಸುಳ್ಳು ಹೇಳಿ ಸಾಕಾಗಿದ್ದ ಅವಳು ಇದಕ್ಕೆ ಹ್ಞೂಂ ಅನ್ನಲೂ ಇಲ್ಲ, ಉಹ್ಞೂಂ ಅನ್ನಲೂ ಇಲ್ಲ.

ಕೆರೆ ಕಟ್ಟಿದ ಮರುದಿನವೇ ಮಾಲೀಕರು ಕರೆದರು. ಬೂಟಿನ ವಿಚಾರವೇ ಎಂದುಕೊಂಡಳು. ಸೊಂಟದಲ್ಲಿ ಬೆಳಗಿನಿಂದ ಯಾರೋ ಸೂಜಿಗೆ ದಾರ ಪೋಣಿಸುತ್ತಿದ್ದರು. ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಮೇಜು ನಿಮಗೇ ಅಂತ ತೀರ್ಮಾನ ಮಾಡಿದೀನಿ," ಎಂದರು ಮಾಲೀಕರು. "ನಿಮ್ಮ ಆ ವಿದ್ಯೆಯಿಂದ ಅಂಗಡಿಗೆ ಹೆಸರು ಬಂದಿದೆ ಕಣಮ್ಮ. ಮುಂದಿನ ತಿಂಗಳು ಮದುವೆ ಕೋಟುಗಳ ಆರ್ಡರ್ ಇದೆ. ಒಳ್ಳೇ ದಿನ ಯಾವ್ಯಾವುದು ಅಂತ ಈಗ್ಲೇ ಹೇಳಿಬಿಟ್ರೆ ಗಿರಾಕಿಗಳಿಗೆ ಮಾತು ಕೊಡ್ತೀನಿ."

ಒಂದಷ್ಟು ತಾರೀಖು ನಾಲಿಗೆಯ ತುದಿಗೆ ಬಂದವು. ಆ ದಿನಗಳಲ್ಲಿ ತಾನು ಗಂಟುಗಳ ಹಿಂದೆ ಮುದುರಿರುವುದು, ಮದುವೆಗಂಡು ಅಂಗಿಯಲ್ಲೇ ನಿಂತಿರುವುದು ಕಣ್ಣಿಗೆ ಕಟ್ಟಿತು. ತಾರೀಖುಗಳನ್ನು ನುಂಗಿಕೊಂಡಳು.

"ಏನು, ಹೊರಗೆ ಹೇಳಬಾರದಾ?" ಮಾಲೀಕರು ದನಿ ತಗ್ಗಿಸಿದರು. "ನನ್ನ ಹತ್ರ ಹೇಳಿ ಪರವಾಗಿಲ್ಲ. ದಿನ ಹೇಗೆ ನೋಡ್ತೀರಿ?"

"ಬೆಳಿಗ್ಗೆ ಎದ್ದು ನೆಟ್ಟಗೆ ನಿಂತು ನೋಡ್ತೀನಿ ಸಾರ್," ಎಂದಳು. "ನಿಲ್ಲೋಕಾದ್ರೆ ಒಳ್ಳೇ ದಿನ."