ತಿಂಡಿ ಆಯ್ತಾ ಅಂದಿದ್ದೇ ತಪ್ಪಾಯ್ತು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ಗಾಲಿಗೆ ಸುತ್ತಿಕೊಂಡ ಕೂದಲು, ದಾರ ಕಿತ್ತು ಬಿಸಾಕಿ ‘ಸ್ಟ್ರೆಚರ್ ಅಕ್ಕ’ ದಿನದ ಮೊದಲ ರೋಗಿಯನ್ನು ಆಪರೇಷನ್ ಥಿಯೇಟರಿನತ್ತ ತಳ್ಳುತ್ತಿದ್ದಾರೆ. ಮಲಗಿರುವವನು ಲಾರಿ ಡ್ರೈವರ್. ಹೆದರಿ ಹಲ್ಲು ಕಚ್ಚಿಕೊಂಡಿದ್ದಾನೆ.

“ನಿಮ್ಮ ಕಡೆ ಸೆಕೆ ಹೇಗಣ್ಣಾ?”

“ಅಯ್ಯೋ, ಕೇಳ್ಬೇಡಿ.”

“ಒಳಗೆ ಎಸಿ ಹಾಕಿದಾರೆ. ಹಾಯಾಗಿ ನಿದ್ದೆ ಮಾಡಿ. ಗಾಡಿ ಓಡಿಸೋ ಕೆಲಸ ಇವತ್ತು ನಂದು.”

ಡ್ರೈವರ್ ನಕ್ಕುಬಿಡುತ್ತಾನೆ.

ಅಕ್ಕ ಹದಿನೇಳು ವರ್ಷದಿಂದ ಹೀಗೆ ತಳ್ಳುತ್ತಿದ್ದಾರೆ, ದಿನಕ್ಕೆ ಇಪ್ಪತ್ತೆರಡು ಸಲವಾದರೂ. ಎರಡೂ ಮೊಣಕಾಲು ಆಗಲೇ ಮುಷ್ಕರ ಹೂಡಿವೆ. ಬಡಗಿಯಾಗಿದ್ದ ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದಾರೆ. ಸಂಸಾರ ನಡೆಯುವುದು ಇವರೊಬ್ಬರ ಸಂಬಳದಲ್ಲಿ.

“ಮಾತಲ್ಲೇನಿದೆ ಸಾರ್, ಏನೂ ಇಲ್ಲ” ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಜತೆಗೆ ನಡೆಯುತ್ತಿರುವ ನನಗೆ. “ಮಲಗಿರೋರಿಗೆ ಬರೀ ಟ್ಯೂಬ್‌ಲೈಟ್ ಕಾಣುತ್ತೆ. ತಲೆ ಹತ್ರ ಒಂದು ಮನುಷ್ಯ ಜೀವ ಇದೆ ಅಂತ ಗೊತ್ತಾಗ್ಬೇಕಲ್ಲ?”

ಇದಕ್ಕೆ ಆಡಳಿತ ಇಟ್ಟಿರುವ ಹೆಸರು ‘ಅನಗತ್ಯ ಸಂಭಾಷಣೆ’. ವಾರ್ಡಿನಿಂದ ಥಿಯೇಟರಿಗೆ ಏಳು ನಿಮಿಷ ಎಂದು ಯಾರೋ ಮಹಾನುಭಾವರು ಕುರ್ಚಿಯಲ್ಲಿ ಕೂತೇ ಕಂಡುಹಿಡಿದಿದ್ದಾರೆ. ಒಂಬತ್ತು ನಿಮಿಷ ಹಿಡಿದಿದ್ದಕ್ಕೆ ಅಕ್ಕನಿಗೆ ಕಳೆದ ವರ್ಷ ಮೊದಲ ಮೆಮೊ ಬಂತು. ಲಿಫ್ಟ್ ಕಾಯುವುದಕ್ಕೇ ಮೂರು ನಿಮಿಷ ಬೇಕು. ಲಿಫ್ಟಿಗೆ ಮಾತ್ರ ಇದುವರೆಗೆ ಯಾರೂ ಮೆಮೊ ಕೊಟ್ಟಿಲ್ಲ.

ಹೋದ ತಿಂಗಳ ಕಥೆ ಕೇಳಿದರೆ ಮೈ ಉರಿಯುತ್ತದೆ. ಪಿತ್ತಕೋಶದ ಆಪರೇಷನ್ನಿಗೆ ಒಬ್ಬ ಅಜ್ಜಿಯನ್ನು ಕರೆದೊಯ್ಯುವಾಗ ಅಕ್ಕನ ಬಾಯಿಂದ ಅಭ್ಯಾಸಬಲದಲ್ಲಿ “ತಿಂಡಿ ಆಯ್ತಾ ಅಜ್ಜಿ?” ಎಂದು ಬಂದುಬಿಟ್ಟಿದೆ. ಖಾಲಿ ಹೊಟ್ಟೆಯಲ್ಲಿ ಹೋಗುವವರನ್ನು ಇದನ್ನೇ ಕೇಳಿದೆನಲ್ಲ ಎಂದು ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಅಜ್ಜಿ ಪಿಸುಗುಟ್ಟಿದ್ದಾರೆ: “ಎರಡೇ ಎರಡು ಬ್ರೆಡ್ಡು ಕಣವ್ವ, ಈಗ ತಾನೇ. ನನ್ನ ಸೊಸೆಗೆ ಹೇಳ್ಬೇಡ, ಬೈತಾಳೆ.”

ಫೈಲಿನಲ್ಲಿ ‘ಏನೂ ತಿಂದಿಲ್ಲ’ ಎಂದು ಟಿಕ್ ಬಿದ್ದಿತ್ತು, ಸಹಿಯೂ ಇತ್ತು. ಅಕ್ಕ ಸ್ಟ್ರೆಚರ್ ಅಲ್ಲೇ ನಿಲ್ಲಿಸಿ ಅರಿವಳಿಕೆ ಡಾಕ್ಟರನ್ನು ಕರೆದರು. ಡಾಕ್ಟರು ಆಪರೇಷನ್ ಮುಂದೂಡಿದರು. ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. “ಒಳ್ಳೆ ಕೆಲಸ ಮಾಡಿದೆಯಮ್ಮ” ಎಂದು ಬಾಯಲ್ಲಿ ಹೇಳಿ ಹೋದರು. ಬರೆದುಕೊಡಲಿಲ್ಲ.

ಬರೆದುಕೊಟ್ಟಿದ್ದು ಆಡಳಿತ! ಎರಡನೇ ಮೆಮೊ. ರೋಗಿಯೊಂದಿಗೆ ಅನಗತ್ಯ ಸಂಭಾಷಣೆ, ಅದರಿಂದ ಥಿಯೇಟರ್ ಒಂದು ಗಂಟೆ ಖಾಲಿ. ಇನ್ನು ಮೇಲೆ ಮಾತಾಡುವುದಿಲ್ಲ ಎಂದು ಸೋಮವಾರದೊಳಗೆ ಬರೆದುಕೊಡಬೇಕು. ಇಲ್ಲದಿದ್ದರೆ ಮೂರನೆಯದು, ಅದರ ಜತೆಗೇ ಮನೆಯ ದಾರಿ. ಅಜ್ಜಿ ವಾರದ ನಂತರ ಆಪರೇಷನ್ ಮುಗಿಸಿಕೊಂಡು ನಡೆದುಕೊಂಡೇ ಮನೆಗೆ ಹೋದರು. ಆಡಳಿತಕ್ಕೆ ಅದು ಕಾಣಲಿಲ್ಲ. ನಾಚಿಕೆಯಾಗಬೇಕು.

ಭಾನುವಾರ ಸಂಜೆ ನಾನು ಅಕ್ಕನ ಮನೆಗೆ ಹೋದಾಗ ಮಗಳು ಉತ್ತರ ಬರೆಯಲು ಹಾಳೆ ಹಿಡಿದು ಕೂತಿದ್ದಾಳೆ. “ಸುಮ್ನೆ ತಪ್ಪಾಯ್ತು ಅಂತ ಬರೆದ್ಬಿಡು” ಎನ್ನುತ್ತಾರೆ ಗಂಡ, ಮಲಗಿದಲ್ಲಿಂದಲೇ. ಅಕ್ಕ ಹೇಳತೊಡಗುತ್ತಾರೆ, ಮಗಳು ಬರೆಯುತ್ತಾಳೆ:

“ಮಾನ್ಯರೇ, ಯಾವ ಯಾವ ಮಾತು ಅನಗತ್ಯ ಎಂದು ದಯವಿಟ್ಟು ಪಟ್ಟಿ ಕೊಡಿ. ಅವನ್ನು ಬಿಟ್ಟು ಬೇರೆ ಮಾತಾಡುತ್ತೇನೆ.”

ಸಹಿ ಹಾಕಿ, ಹಾಳೆಯನ್ನು ನನ್ನತ್ತ ಚಾಚಿ ಕೇಳುತ್ತಾರೆ:

“ಜಾಸ್ತಿ ಮಾತಾಯ್ತಾ ಸಾರ್?”