ಜೈಲಿನ ಮೆಟ್ಟಿಲ ಮೇಲೆ ಕುಂಕುಮ

೨೦೨೨ರಲ್ಲಿ ನಾನು ಅಟ್ಲಾಂಟಾದ ಒಂದು ಸಣ್ಣ ಕಂಪನಿಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡಗಳ ದುರಸ್ತಿ ನನ್ನ ವಿಭಾಗ. ಆ ವರ್ಷ ಜಾರ್ಜಿಯಾದ ಹಳ್ಳಿಗಾಡಿನ ಒಂದು ಕೌಂಟಿಯ ಕೋರ್ಟ್‌ಹೌಸ್ ಮತ್ತು ಅದರ ಹಿಂದಿನ ಹಳೇ ಜೈಲು ನನ್ನ ಪಾಲಿಗೆ ಬಂದವು.

ಕೋರ್ಟ್‌ಹೌಸ್‌ಗೆ ದಪ್ಪ ಕಂಬಗಳು, ಗಡಿಯಾರದ ಗೋಪುರ, ಎಲ್ಲ ಠೀವಿಯೂ ಇತ್ತು. ಜೈಲು ಮಾತ್ರ ಯಾರದೋ ಮನೆಯಂತಿತ್ತು. ಒಂದು ಕಾಲಕ್ಕೆ ಅದು ಮನೆಯೂ ಹೌದು: ಕೆಳಗೆ ಜೈಲರನ ಸಂಸಾರ, ಮೇಲೆ ಕಬ್ಬಿಣದ ಸೆಲ್‌ಗಳು. ಕೈದಿಗಳಿಗೆ ಅಡುಗೆ ಮಾಡುತ್ತಿದ್ದವಳು ಜೈಲರನ ಹೆಂಡತಿ. ಗೋಡೆ, ಮೆಟ್ಟಿಲು ಎಲ್ಲವೂ ಕೈಯಲ್ಲಿ ಅಚ್ಚು ಹಾಕಿದ ಮೆದು ಇಟ್ಟಿಗೆ. ಇಂಥ ಇಟ್ಟಿಗೆ ನೀರು, ಬಣ್ಣ ಏನು ಬಿದ್ದರೂ ಹೀರಿಕೊಳ್ಳುತ್ತದೆ. ಬಲವಾಗಿ ಉಜ್ಜಿದರೆ ಮೇಲ್ಪದರವೇ ಕಿತ್ತು ಬರುತ್ತದೆ. ಊರವರಿಗೆಲ್ಲ ಈ ಪಾಠ ಹೇಳಿದವಳೂ ನಾನೇ.

ಕಂಟ್ರಾಕ್ಟರ್ ಬಸವರಾಜ್ ಇರುವುದು ಅಟ್ಲಾಂಟಾ ಹತ್ತಿರದ ಸುವಾನಿ ಎಂಬ ಊರಿನಲ್ಲಿ, ಮೂಲ ಧಾರವಾಡದ ಕಡೆ. ಕೆಲಸ ಶುರುವಾಗುವ ಬೆಳಿಗ್ಗೆ ಇಂಡಿಯನ್ ಸ್ಟೋರಿನಿಂದ ಬೂದುಗುಂಬಳ ತಂದಿದ್ದರು.

“ಮೇಡಂ, ಜೈಲಂದ್ರ ಏನೇನ್ ಆಗಿರ್ತದೋ. ದೃಷ್ಟಿ ತಗದು ಸ್ಟಾರ್ಟ್ ಮಾಡೋಣ್ರಿ.”

“ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಬರೋದ್ರೊಳಗೆ ಮುಗಿಸಿಬಿಡಿ,” ಎಂದೆ. ಒಳಗೊಳಗೆ ಖುಷಿಯೇ ಆಗಿತ್ತು. ಅವರು ಕಾಯಿಗೆ ತೂತು ಕೊರೆದು ಕುಂಕುಮ ತುಂಬಿದರು. ಮೇಲೆ ಕರ್ಪೂರ ಹಚ್ಚಿ ಬಾಗಿಲಿಗೆ ನಿವಾಳಿಸಿ, ಮೆಟ್ಟಿಲ ಮೇಲೆ ಒಡೆದರು. ಕೆಂಪು ನೀರು ಕೆಳಗಿನ ಮೆಟ್ಟಿಲವರೆಗೂ ಇಳಿಯಿತು.

ಆಗಲೇ ಮಿಸ್ ಲೊರೇನ್ ಬಂದರು. ಎಂಬತ್ತು ದಾಟಿದ ಆಫ್ರಿಕನ್ ಅಮೆರಿಕನ್ ಹಿರಿಯರು. ಜೈಲನ್ನು ಉರುಳಿಸದಂತೆ ಹೋರಾಡಿ ಉಳಿಸಿಕೊಂಡವರು. ಆ ಭಾನುವಾರ ತಮ್ಮ ಇಡೀ ಕುಟುಂಬವನ್ನು ಇಲ್ಲಿ ಸೇರಿಸುವವರಿದ್ದರು. ಏಕೆಂದು ನಾನು ಕೇಳಿರಲಿಲ್ಲ. ಮೆಟ್ಟಿಲು ಕಂಡದ್ದೇ ಕಾರಿನ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟರು.

“ನಮ್ಮ ತಾತನ್ನ ಒಳಗಿಂದ ಎಳೆದು ತಂದು ಬಿಳಿಯರ ಗುಂಪು ಕೊಂದಿದ್ದು ಇಲ್ಲೇ,” ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಕೆಟ್ಟು, ಬ್ರಷ್ಷು ತಂದು ಮಂಡಿಯೂರಿದೆ. ಉಜ್ಜಿದಷ್ಟೂ ನೀರು ಕೆಂಪಾಗಿ ಹರಿಯಿತೇ ಹೊರತು ಕಲೆ ಹೋಗಲಿಲ್ಲ. ಇಟ್ಟಿಗೆ ಬದಲಾಯಿಸುತ್ತೇವೆ ಎಂದು ತೊದಲಿದೆ.

“ಬಿಡಮ್ಮ. ಅವತ್ತೂ ನಮ್ಮಜ್ಜಿ ಬರೋದ್ರೊಳಗೆ ಇಲ್ಲಿನವರು ರಕ್ತ ತೊಳೆದಿಟ್ಟಿದ್ರು. ಏನಾಯ್ತು ಅಂತ ಕೇಳಿದ್ರೆ ಒಬ್ಬರೂ ಹೇಳ್ಲಿಲ್ಲ. ಈ ಕೆಂಪು ಏನು ಅಂತ ಭಾನುವಾರ ನೀನೇ ಬಂದು ಹೇಳು.”

ಹೋದೆ. ಬಸವರಾಜ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಈ ಕೆಂಪು ನಾವು ಮಾಡಿದ್ದು, ಇಲ್ಲಿರುವ ಕೆಟ್ಟದ್ದೇನೂ ನಮಗೆ ತಟ್ಟದಿರಲಿ ಎಂದು ಮಾಡುವ ಶಾಸ್ತ್ರ ಎಂದು ಮಿಸ್ ಲೊರೇನ್ ಅವರ ಮಕ್ಕಳು ಮೊಮ್ಮಕ್ಕಳ ಮುಂದೆ ವಿವರಿಸಿದೆ. ಹೇಳುತ್ತಿದ್ದಂತೆ ಆ ಮಾತಿನ ಅರ್ಥ ನನಗೇ ತಿಳಿಯಿತು. ಅವರು ನೆನೆಯಲು ಬಂದ ಮನುಷ್ಯನನ್ನು ನಾವು ಓಡಿಸಲು ಹೊರಟಿದ್ದೆವು.

ಮಿಸ್ ಲೊರೇನ್ ಬೈಯಲಿಲ್ಲ. “ನಮ್ಮ ತಾತನ ಹೆಸರು ಗೊತ್ತಾ ನಿನಗೆ?” ಎಂದಷ್ಟೇ ಕೇಳಿದರು.

ಗೊತ್ತಿರಲಿಲ್ಲ. ಆ ಮೆಟ್ಟಿಲಿನ ಅಳತೆಯೆಲ್ಲ ಬಾಯಿಪಾಠವಾಗಿತ್ತು. ಈಗ ಯಾವ ಹಳೇ ಕಟ್ಟಡಕ್ಕೆ ಹೋದರೂ ಟೇಪು ಬಿಚ್ಚುವ ಮುಂಚೆ ಅಲ್ಲಿದ್ದವರ ಹೆಸರು ಕೇಳುತ್ತೇನೆ. ಕೇಳಿದಾಗಲೆಲ್ಲ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.