ಅತ್ತಿಯವರ ಬಂಗಡೆ, ನನ್ನ ಗ್ರಾಫ್

ಮನಿಯಾಗ ಮೀನು ಬಂದ್ ಮಾಡಿಸಿದಾಕಿ ನಾನ. ಡಾಕ್ಟರ್ ಬರೇ ಉಪ್ಪು ಕಡಿಮಿ ಮಾಡ್ರಿ ಅಂದಿದ್ರು. ಅತ್ತಿಯವರ ಹೃದಯ ಸೋತಿತ್ತು, ರಕ್ತ ದೂಡೂ ಶಕ್ತಿ ಇಳಿದಿತ್ತು. ಅವರು ಕುಂದಾಪುರದ ಕಡೆಯವರು, ಪುಣೆಯೊಳಗ ಹೋಟೆಲ್ ನಡೆಸಿದವರು. ನಾ ಧಾರವಾಡದ ಸಸ್ಯಾಹಾರಿ ಮನಿಯಾಕಿ, ಲ್ಯಾಬಿನ್ಯಾಗ ಕೆಲಸ. ವಿಜ್ಞಾನದ ಮಾತು ಬಂತಂದ್ರ ನಂದ ಕಡೀ ಮಾತು.

"ಮೊಟ್ಟಿ, ಮಾಂಸ ತಿಂದ್ರ ಕರುಳಿನ್ಯಾಗಿನ ಸೂಕ್ಷ್ಮಜೀವಿಗಳು ಒಂದು ಪದಾರ್ಥ ಮಾಡ್ತಾವ್ರಿ. ಲಿವರ್ ಅದನ್ನ ಟಿಎಂಎಒ ಮಾಡಿ ರಕ್ತಕ್ಕ ಬಿಡ್ತದ. ಸಮುದ್ರದ ಮೀನಿನ್ಯಾಗಂತೂ ಅದು ಮೊದಲ ಇರ್ತದ. ಹೃದಯದ ಸ್ನಾಯು ಸೋಲ್ತದ!" ಅಂತ ಊಟದ ಹೊತ್ತಿನ್ಯಾಗ ಭಾಷಣ ಬಿಗದೆ. ಅತ್ತಿ "ಆಯ್ತು" ಅಂದ್ರು. ಅವತ್ತಿಂದ ಅವರ ಊಟ ಅರ್ಧ ಆತು. ಎರಡ ತಿಂಗಳಿಗೆ ಕೈಯಾಗಿನ ಬಳಿ ಜಾರಲಿಕ್ಕ ಹತ್ತಿದ್ವು. ನಾ ಮಾತ್ರ ಜಪ್ಪಯ್ಯ ಅಂದ್ರೂ ಮಣೀಲಿಲ್ಲ.

ಲ್ಯಾಬಿನ್ಯಾಗ ನಾ ನೋಡ್ತಿದ್ದದ್ದೂ ಟಿಎಂಎಒ ಹೃದಯಕ್ಕ ಏನ್ ಮಾಡ್ತದ ಅಂತನ. ಇಲಿ ಹೃದಯದ ಸ್ನಾಯುವಿನ ಸಣ್ಣ ಎಳಿ ಬೆಚ್ಚನ ಉಪ್ಪುನೀರಿನ್ಯಾಗ ಇರ್ತದ, ಒಂದು ತುದಿ ಕೊಕ್ಕಿಗೆ ಸಿಗಿಸಿರ್ತೀವಿ. ಕರೆಂಟ್ ಕೊಟ್ಟಾಗೊಮ್ಮೆ ಕುಗ್ಗತದ. ಜೋರ ಎಳದಷ್ಟು ಪರದೆ ಮ್ಯಾಲ ಗೆರಿ ಏರತದ. ಒಂದಿನ ಆ ನೀರಿಗೆ ಟಿಎಂಎಒ ಹಾಕಿ, ಗೆರಿ ಇನ್ನ ಇಳೀತದ ನೋಡು ಅಂತ ಕೂತೆ. ಏರಿತು! ಬ್ಯಾರೆ ಎಳಿ ಹಾಕಿದೆ, ಅದೂ ಏರಿತು. ಯಂತ್ರ ಕೆಟ್ಟಿರಬೇಕು ಅಂತ ಅದನ್ನೂ ಪರೀಕ್ಷಿಸಿದೆ. ಯಂತ್ರ ಸರಿ ಇತ್ತು.

ಜೋರ ಎಳದ್ರ ಹೃದಯಕ್ಕ ಒಳ್ಳೇದು ಅಂತೇನಲ್ಲ. ದಣಿದ ಹೃದಯಕ್ಕ ವರ್ಷಗಟ್ಟಲೆ ಏನಾಗ್ತದ ಅಂತ ಒಂದು ಎಳಿ ಹ್ಯಾಂಗ ಹೇಳ್ತದ? ಆದ್ರ ಮನಿಯಾಗ ನಾ ಎಲ್ಲಾ ಗೊತ್ತಿದ್ದಾಕಿ ಹಂಗ ಹೇಳಿದ್ದೆ. ಭಾಳ ನಾಚಿಕಿ ಆತು. ಅಲ್ಲಿಂದನ ಡಾಕ್ಟರಿಗೆ ಫೋನ್ ಮಾಡಿದೆ. ಉಪ್ಪು ಕಡಿಮಿ ಇದ್ರ ಮೀನು ತಿನ್ಲಿ, ಮೊದಲ ಹೊಟ್ಟಿ ತುಂಬ ಉಣ್ಣಲಿ ಅಂದ್ರು.

ಸಂಜಿಗೆ ಅತ್ತಿ ಮುಂದ ಕೂತು ಎಲ್ಲಾ ಹೇಳಿದೆ. "ಖರೇ ಹೇಳ್ಬೇಕಂದ್ರ, ನನಗ ಆ ವಾಸನಿ ಆಗಿಬರೂದಿಲ್ರಿ. ಅದಕ್ಕ ವಿಜ್ಞಾನ ತಂದು ಅಡ್ಡ ಹಿಡದೆ."

"ಅದು ನಂಗೆ ಗೊತ್ತುಂಟು ಮಾರಾಯ್ತಿ," ಅಂದ್ರು. "ಹೃದಯಕ್ಕೆ ಹೆದರಿ ಮೀನು ಬಿಟ್ಟೆ ಅಂದ್ಕೊಂಡ್ಯಾ? ನೀನು ಉಸಿರು ಬಿಗಿಹಿಡ್ಕೊಂಡು ನನ್ನ ಪಕ್ಕ ಊಟ ಮಾಡುದು ನೋಡ್ಲಿಕ್ಕೆ ಆಗ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ನಾನ ಹೋದೆ. ಬಂಗಡೆ ತಾಜಾ ಅದನೋ ಇಲ್ಲೋ ಹ್ಯಾಂಗ ನೋಡೂದು ಅಂತ ಅತ್ತಿಯವರಿಗೆ ಫೋನ್ ಹಚ್ಚಿ ಕೇಳಿದೆ.

"ಹತ್ರ ಹಿಡಿದು ಮೂಸಿ ನೋಡು," ಅಂದ್ರು. ಮೂಸಿದೆ.